ಒಂದು ಬೆಸುಗೆಗೆ ಒಂದೇ ಬಿಸ್ಮಿಲ್ಲಾ

ಗುರುವಾರ ಬೆಳಿಗ್ಗೆ, ಕೈರೋದ ಅತಬಾ ಚೌಕದ ಹಿಂದಿರುವ ರೇಡಿಯೊ ಓಣಿಯಲ್ಲಿ, ರಿಪೇರಿ ಮೇಸ್ತ್ರಿ ಉಸ್ತಾ ಬಯ್ಯೂಮಿ ತನ್ನ ನಲವತ್ತು ವರ್ಷದ ಸಂಸಾರವನ್ನು ಒಂದು ಸೋಲ್ಡರಿಂಗ್ ಸ್ಟೇಷನ್ನಿನ ಮೇಲೆ ಪಣಕ್ಕಿಟ್ಟುಬಿಟ್ಟ.

ಬೇಕೆಂದು ಇಟ್ಟದ್ದಲ್ಲ. ಸಿಟ್ಟು ಅವನಿಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ನೆಲದಲ್ಲಿ ಹುಡುಕುವ ಜಾತಿಯ ಮನುಷ್ಯ. ಅಂಗಡಿಯ ಬಾಗಿಲು ತೆಗೆದು, ಮೊದಲ ಲೋಟ ಚಹಾ ಬಾಯಿಗಿಡುವಷ್ಟರಲ್ಲಿ ಲುಟ್ಫಿ ಬಂದ. ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸುವವನು ಲುಟ್ಫಿ. ಆ ಕೀಬೋರ್ಡನ್ನೇ ಕಂಕುಳಲ್ಲಿ ಇರುಕಿಕೊಂಡು ಬಂದು, ಸಲಾಮಿಲ್ಲ ಏನಿಲ್ಲ, ಮೇಜಿನ ಮೇಲೆ ದಡ್ಡನೆ ಇಟ್ಟ.

"ನಿನ್ನೆ ಇಂಬಾಬಾದಲ್ಲಿ ಮದುಮಗಳು ಮೆಟ್ಟಿಲು ಇಳೀತಾ ಇದ್ದಾಳೆ ಉಸ್ತಾ. ತಮಟೆ ಹೊಡೀತಾ ಇದ್ದಾರೆ, ಹೆಂಗಸರು ಉಲುಲು ಹಾಕ್ತಾ ಇದ್ದಾರೆ, ಇದು ಮೂಕ! ಕೊಯ್ಯಂತ ನಿಂತೋಯ್ತು. ಮದುಮಗಳು ಅರ್ಧ ಮೆಟ್ಟಿಲಲ್ಲಿ ನಿಂತು ನನ್ನ ಮುಖ ನೋಡ್ತಾಳೆ. ಅವಳ ಸೋದರಮಾವ ಚಪ್ಪಲಿ ಕೈಗೆ ತಗೊಂಡ!"

"ಪ್ಲಗ್ ಸರಿಯಾಗಿ ಹಾಕಿರಲ್ಲ ನೀನು," ಎಂದ ಬಯ್ಯೂಮಿ.

"ಪ್ಲಗ್ಗಾ? ಮೂರು ವಾರದಲ್ಲಿ ಮೂರು ಸಲ ನಿಮ್ಮ ಹತ್ರ ತಂದಿದ್ದೀನಿ. ಅದೇ ಸಾಕೆಟ್ಟು, ಅದೇ ಪಿನ್ನಿನ ಕಾಲು. ನೀವು ಬೆಸುಗೆ ಹಾಕ್ತೀರ, ನಾನು ಮನೆಗೆ ಹೋಗ್ತೀನಿ, ಅದು ಬಿಟ್ಕೊಳತ್ತೆ. ಬೆಸುಗೆ ಹಾಕ್ತೀರೋ ಎಂಜಲು ಹಚ್ಚಿ ಅಂಟಿಸ್ತೀರೋ?"

ಇಷ್ಟಕ್ಕೆ ನಿಂತಿದ್ದರೆ ಬಯ್ಯೂಮಿ ಎರಡು ಬೈದು ಸುಮ್ಮನಾಗುತ್ತಿದ್ದ. ಆದರೆ ಎದುರು ಅಂಗಡಿಯ ಹೈಸಮ್ ಇದ್ದಾನಲ್ಲ, ಮೊಬೈಲು ರಿಪೇರಿಯವನು, ಮೂವತ್ತು ದಾಟಿಲ್ಲ, ಆಗಲೇ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿಕೊಂಡವನು, ಅವನು ಅಲ್ಲಿಂದಲೇ ನಗುತ್ತಾ ಕೂಗಿದ: "ಉಸ್ತಾ, ಬೇಜಾರು ಮಾಡ್ಕೋಬೇಡಿ. ಕೈಗೂ ವಯಸ್ಸು ಅಂತ ಆಗತ್ತೆ. ಆ ಬೋರ್ಡು ಈ ಕಡೆ ಕೊಡಿ, ನಾನು ಎರಡು ನಿಮಿಷದಲ್ಲಿ ಹಾಕಿಕೊಡ್ತೀನಿ."

ಬಿಡಿಭಾಗ ಮಾರುವ ವಹ್ಬಾ ತನ್ನ ಡಬ್ಬಗಳ ನಡುವಿನಿಂದ ತಲೆ ಎತ್ತಿದ. ಬಯ್ಯೂಮಿ ಎದ್ದು ನಿಂತು, ತನ್ನ ಮೇಜಿನ ಮೇಲಿದ್ದ ಸೋಲ್ಡರಿಂಗ್ ಸ್ಟೇಷನ್ನಿನ ನೀಲಿ ಪೆಟ್ಟಿಗೆಯ ಕಡೆ ಕೈ ತೋರಿಸಿ, ಇಡೀ ಓಣಿಗೆ ಕೇಳುವ ಹಾಗೆ ಅರಚಿದ:

"ನನ್ನ ಕೈಗೆ ಏನೂ ಆಗಿಲ್ಲ! ದೋಷ ಇರೋದು ಈ ಪೆಟ್ಟಿಗೇಲಿ. ಇದರಲ್ಲಿ ದೋಷ ಇಲ್ಲದೇ ಹೋದ್ರೆ ನನ್ನ ಹೆಂಡತಿಗೆ ತಲಾಖ್!"

ಮಾತು ಬಿತ್ತು. ವಹ್ಬಾ ಶಿಲುಬೆ ಗುರುತು ಹಾಕಿಕೊಂಡ. ಲುಟ್ಫಿ ಕೂಡ ಮೆತ್ತಗಾಗಿ, "ಅಯ್ಯೋ ಉಸ್ತಾ, ನಾನು ಕೀಬೋರ್ಡಿನ ಮಾತಾಡಿದ್ದು," ಎಂದ.

ನಮ್ಮಲ್ಲಿ ಗಂಡಸರಿಗೆ ಇದೊಂದು ಕೆಟ್ಟ ಚಟ. ಬೇರೆಯವರು ಸಿಟ್ಟು ಬಂದಾಗ ಮೇಜು ಗುದ್ದುತ್ತಾರೆ, ಇವರು ಮನೆಯಲ್ಲಿ ತಣ್ಣಗೆ ಕೂತಿರುವ ಹೆಂಡತಿಯನ್ನು ಆಣೆಗೆ ಎಳೆದುತರುತ್ತಾರೆ. ಬಯ್ಯೂಮಿ ಹಿಂದೆ ಐದು ಸಲ ಹೀಗೆ ಆಣೆ ಹಾಕಿದ್ದ. ಒಮ್ಮೆ ಕಲ್ಲಂಗಡಿ ಒಳಗೆ ಕೆಂಪಗೇ ಇದೆ ಎಂದು. ಒಮ್ಮೆ ಬೀಗರು ಇನ್ನೊಂದು ತಟ್ಟೆ ಊಟ ಮಾಡಿಯೇ ಏಳಬೇಕು ಎಂದು. ಕಲ್ಲಂಗಡಿ ಬೆಳ್ಳಗಿತ್ತು. ಪ್ರತಿ ಸಲವೂ ಮಸೀದಿಯ ಶೇಖರು ತಲೆ ಚಚ್ಚಿಕೊಂಡು, ಹತ್ತು ಜನ ಬಡವರಿಗೆ ಊಟ ಹಾಕಿಸಿ ಪಾಪ ತೊಳೆಸಿದ್ದರು. ಐದನೆಯ ಸಲ ಹೆಂಡತಿ ಇಗ್ಲಾಲ್ ಒಂದೇ ಮಾತು ಹೇಳಿದ್ದಳು: "ಇನ್ನೊಂದು ಸಲ ಸುಳ್ಳು ಆಣೆಗೆ ನನ್ನ ಹೆಸರು ಹಿಡಿದ್ರೆ ಶೇಖರನ್ನ ಕೇಳೋಕೆ ಹೋಗಲ್ಲ. ನೇರ ತಾಂತಾಗೆ, ತಂಗಿ ಮನೆಗೆ." ಇಗ್ಲಾಲ್ ಆಡಿದ ಮಾತನ್ನು ಮಾಡದೆ ಬಿಟ್ಟವಳಲ್ಲ. ಇದು ಆರನೆಯ ಸಲ.

ಹಾಗಾಗಿ ಆ ಪೆಟ್ಟಿಗೆಯಲ್ಲಿ ದೋಷ ಇರಲೇಬೇಕಾಗಿತ್ತು. ಇಲ್ಲದಿದ್ದರೆ ಹೆಂಡತಿಯೂ ಇಲ್ಲ, ಕೈಯೂ ಇಲ್ಲ.

ಕೈಯ ವಿಷಯ ಹೇಳಬೇಕು. ಬಯ್ಯೂಮಿ ಹದಿಮೂರನೆಯ ವಯಸ್ಸಿಗೆ ಇದೇ ಅಂಗಡಿಗೆ ಬಂದವನು. ಆಗ ಇದರ ಯಜಮಾನ ಆರ್ತಿನ್ ಎಂಬ ಅರ್ಮೇನಿಯದ ಮುದುಕ. ಬೆಸುಗೆ ಹಾಕುವಾಗ ಆತ ತುಟಿಯಲ್ಲೇ ತನ್ನ ಭಾಷೆಯ ಒಂದು ಸಣ್ಣ ಪ್ರಾರ್ಥನೆ ಹೇಳುತ್ತಿದ್ದ. ಪ್ರಾರ್ಥನೆ ಶುರುವಾದಾಗ ಬೆಸುಗೆಯ ಐರನ್ ತಾಗಬೇಕು, ಮುಗಿದಾಗ ಎದ್ದಿರಬೇಕು; ಗಡಿಯಾರ ನೋಡುತ್ತಾ ಯಾರು ಬೆಸುಗೆ ಹಾಕುತ್ತಾರೆ? ಬಯ್ಯೂಮಿ ಅದೇ ಉದ್ದಕ್ಕೆ ತನ್ನ ಬಿಸ್ಮಿಲ್ಲಾ ಹೊಂದಿಸಿಕೊಂಡ. "ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್", ಒಂದು ಸಲ, ಅವಸರವಿಲ್ಲದೆ, ಎಳೆಯದೆ. ಅಷ್ಟರಲ್ಲಿ ಸೀಸ ಕರಗಿ, ಕಾಲನ್ನು ಅಪ್ಪಿ, ಮಿಂಚಬೇಕು. ಅದಕ್ಕಿಂತ ಮುಂಚೆ ಎತ್ತಿದರೆ ಹಸಿ. ಆಮೇಲೂ ಹಿಡಿದರೆ ಬೋರ್ಡಿನ ತಾಮ್ರ ಸುಟ್ಟು ಸಿಪ್ಪೆಯಂತೆ ಎದ್ದುಬರುತ್ತದೆ. ಒಂದು ಬೆಸುಗೆಗೆ ಒಂದೇ ಬಿಸ್ಮಿಲ್ಲಾ: ಐವತ್ತು ವರ್ಷ ಅವನು ಇದನ್ನೇ ಮಾಡಿದ್ದ, ಇದನ್ನೇ ಕಲಿಸಿದ್ದ. ಹೈಸಮ್‌ನಿಗೂ ಕಲಿಸಿದ್ದ, ಆ ಗಾಜಿನ ಬಾಗಿಲಿನವನಿಗೆ.

ಆದರೆ ಚಳಿಗಾಲದಲ್ಲಿ ನಾಲ್ಕು ಬೋರ್ಡುಗಳ ತಾಮ್ರ ಎದ್ದುಬಂದಿತ್ತು. ಬಯ್ಯೂಮಿ ಬೋರ್ಡು ಮಾಡಿದವರ ವಂಶವನ್ನೆಲ್ಲ ಬೈದ. ಈಗಿನ ಬೋರ್ಡುಗಳು ಬೋರ್ಡುಗಳೇ ಅಲ್ಲ, ಬಿಸ್ಕತ್ತು. ಆಮೇಲೆ, ಈಗ್ಗೆ ಎರಡು ತಿಂಗಳಿಂದ, ತಾಮ್ರ ಏಳುವುದು ತಾನಾಗಿ ನಿಂತಿತು. ಬದಲಿಗೆ ಬೆಸುಗೆಯೇ ಕಚ್ಚುತ್ತಿರಲಿಲ್ಲ. ಸೀಸ ಮಿಂಚದೆ, ಬೂದಿ ಬಣ್ಣದ ಹರಳಾಗಿ ನಿಲ್ಲುತ್ತಿತ್ತು. ರಾಳದ ಹೊಗೆಯೂ ಮೊದಲಿನಂತೆ ಮೂಗಿಗೆ ಅಡರುತ್ತಿರಲಿಲ್ಲ. ಪೆಟ್ಟಿಗೆಯ ಮುಖದ ಮೇಲೆ ಮಾತ್ರ ಕೆಂಪು ಅಂಕಿಗಳು ಸತ್ಯಸಂಧರ ಹಾಗೆ ಮುನ್ನೂರೈವತ್ತು ಡಿಗ್ರಿ ಎಂದು ಉರಿಯುತ್ತಿದ್ದವು.

"ಸಂಜೆ ಮಗ್ರಿಬ್ ನಮಾಜಿಗೆ ಮುಂಚೆ ನನಗೆ ಇದು ಬೇಕು," ಎಂದ ಲುಟ್ಫಿ ಬಾಗಿಲಲ್ಲಿ ನಿಂತು. "ಇವತ್ತು ರಾತ್ರಿ ಶುಬ್ರಾದಲ್ಲಿ ಮದುವೆ. ಅಲ್ಲಿ ಸೋದರಮಾವಂದಿರು ಆರು ಜನ."

ಬಯ್ಯೂಮಿ ಪೆಟ್ಟಿಗೆಯ ಮೇಲೆ ಎರಗಿದ.

ಮೊದಲು ಐರನ್ನಿನ ಮೊನೆ. ಮೊನೆ ಕಪ್ಪಾದರೆ ಕಾವು ದಾಟುವುದಿಲ್ಲ, ಇದು ಈ ಓಣಿಯ ಬೆಕ್ಕಿಗೂ ಗೊತ್ತು. ಹಿತ್ತಾಳೆ ನಾರಿನಲ್ಲಿ ತಿಕ್ಕಿ, ರಾಳಕ್ಕೆ ಅದ್ದಿ, ಸೀಸ ಬಳಿದ. ಮೊನೆ ಬೆಳ್ಳಿಯಂತೆ ಹೊಳೆಯಿತು. ಹಾಳು ಬೋರ್ಡೊಂದರ ದಪ್ಪ ಕಾಲಿಗೆ ತಾಗಿಸಿದ. ಸೀಸ ಅರೆಬರೆ ಕರಗಿ, ಗಂಜಿಯಂತಾಗಿ ನಿಂತಿತು.

"ಹೊಸ ಮೊನೆ ಹಾಕು," ಎಂದ ವಹ್ಬಾ ಪಕ್ಕದಿಂದ.

"ನೀನು ಮಾರೋನು, ಇನ್ನೇನು ಹೇಳ್ತೀಯ?"

ಆದರೂ ಹಾಕಿದ. ಹೊಸ ಮೊನೆಯೂ ಅದೇ ಗಂಜಿ ಬೇಯಿಸಿತು. ಮೊನೆಗೂ ಒಳಗಿನ ಕಾವಿನ ಕಡ್ಡಿಗೂ ನಡುವೆ ಸಂದಿ ಬಿದ್ದಿರಬಹುದೆಂದು ಹಿಡಿಯ ಕತ್ತಿನ ತಿರುಪು ಬಿಚ್ಚಿದ. ಬಿಸಿ ಆರುವ ಮೊದಲೇ ಬಿಚ್ಚಿ ಬೆರಳು ಸುಟ್ಟುಕೊಂಡ. ಬೆರಳನ್ನು ಬಾಯಿಗಿಟ್ಟುಕೊಂಡೇ ಪೆಟ್ಟಿಗೆಯ ಅಪ್ಪನಿಗೆ ಬೈದ. ಸಂದಿ ಇರಲಿಲ್ಲ. ಕಾವಿನ ಕಡ್ಡಿಗೆ ಮೀಟರು ಹಿಡಿದ, ಮುಳ್ಳು ಇರಬೇಕಾದ ಜಾಗದಲ್ಲೇ ನಿಂತಿತು. ಹಿಡಿಯ ಬುಡದಲ್ಲಿ ವೈರು ಒಳಗೊಳಗೇ ಮುರಿದಿರುತ್ತದೆ ಎಂದು ಹಾವು ಆಡಿಸಿದಂತೆ ಆಡಿಸಿದ. ಮುಳ್ಳು ಅಲ್ಲಾಡಲಿಲ್ಲ. ಗೋಡೆಯ ಕರೆಂಟೇ ಕಡಿಮೆ ಇರಬೇಕು, ಆ ಹೈಸಮ್‌ನ ಬಿಸಿಗಾಳಿ ಯಂತ್ರ ಎಲ್ಲ ಕುಡಿದುಬಿಡುತ್ತದೆ ಎಂದು ಅದನ್ನೂ ಅಳೆದ. ಕರೆಂಟು ಸರಿಯಾಗಿತ್ತು. ಎಲ್ಲವೂ ಸರಿಯಾಗಿತ್ತು! ಇಂಥ ಸಂಕಟ ಯಾರಿಗೂ ಬೇಡ. ಕೆಟ್ಟ ವಸ್ತುವನ್ನು ರಿಪೇರಿ ಮಾಡಬಹುದು, ಕೆಡದೆ ಇರುವುದನ್ನು ಏನು ಮಾಡುವುದು?

ಗಂಟೆ ಒಂದಾಯಿತು. ಇಗ್ಲಾಲ್ ಊಟದ ಡಬ್ಬಿ ಹಿಡಿದು ಓಣಿಯೊಳಗೆ ಕಾಲಿಟ್ಟಳು.

ಅವಳ ನಡಿಗೆ ನೋಡಿಯೇ ಬಯ್ಯೂಮಿಗೆ ಸುದ್ದಿ ಮುಟ್ಟಿದೆ ಎಂದು ಗೊತ್ತಾಯಿತು. ಹೇಗೆ ಮುಟ್ಟಿತೆಂದು ಕೇಳಬೇಡಿ; ಈ ಊರಿನಲ್ಲಿ ತಲಾಖಿನ ಸುದ್ದಿ ಟ್ರಾಮಿಗಿಂತ ಬೇಗ ಹೋಗುತ್ತದೆ. ಇಗ್ಲಾಲ್ ಹುಡುಗಿಯಾಗಿದ್ದಾಗ ಸರ್ಕಾರಿ ರೇಡಿಯೊ ಕಾರ್ಖಾನೆಯಲ್ಲಿ ತಂತಿಯ ಸುರುಳಿ ಸುತ್ತಿ, ತುದಿಗೆ ಬೆಸುಗೆಯನ್ನೂ ಹಾಕುತ್ತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಗಂಡನ ಅಂಗಡಿಯ ಹಿಂದಿನ ಮೂಲೆಯಲ್ಲಿ ಒಂದು ಗಿಡ್ಡ ಮಣೆ ಹಾಕಿಕೊಂಡು, ದಿನಾ ಮಧ್ಯಾಹ್ನ ಬಂದು, ಸುಟ್ಟ ಟ್ರಾನ್ಸ್‌ಫಾರ್ಮರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವಳ ಕೆಲಸ. ಸಾವಿರ ಸುತ್ತಿನಲ್ಲಿ ಒಂದು ಸುತ್ತು ತಪ್ಪಿದ್ದಿಲ್ಲ. ಅಂಗಡಿಯ ಬಲಗಡೆಯ ಕುರ್ಚಿ ಬಯ್ಯೂಮಿಯದು, ಆ ಮೂಲೆ ಅವಳದು. ಮೂವತ್ತು ವರ್ಷದಿಂದ ಹಾಗೆಯೇ.

ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಎಲೆಕೋಸಿನ ಸುರುಳಿಯೊಳಗೆ ಅನ್ನ ತುಂಬಿ ಬೇಯಿಸಿದ ಮಹ್ಶಿ, ಅವನಿಗೆ ಪ್ರಾಣ.

"ತಿನ್ನಿ. ಇನ್ನು ಯಾರು ಮಾಡಿಹಾಕ್ತಾರೋ ಗೊತ್ತಿಲ್ಲ."

"ಇಗ್ಲಾಲ್, ಕೇಳಿಲ್ಲಿ…"

"ಕಲ್ಲಂಗಡಿಗೆ ಒಂದು ಸಲ ಬಿಟ್ರಿ ನನ್ನ. ಈಗ ಈ ಡಬ್ಬಕ್ಕಾ? ಮುಂದಿನ ಸಲ ಯಾವುದಕ್ಕೆ, ಚಹಾಕ್ಕೆ ಸಕ್ಕರೆ ಕಮ್ಮಿಯಾಯ್ತು ಅಂತಾನಾ?"

"ದೋಷ ಇದ್ದೇ ಇದೆ. ಹುಡುಕ್ತಾ ಇದೀನಿ. ಸಂಜೆಯೊಳಗೆ ತೋರಿಸ್ತೀನಿ ನಿನಗೆ, ಇಡೀ ಓಣಿಗೆ ತೋರಿಸ್ತೀನಿ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ತಾಂತಾದ ರೈಲಿನ ಹೊತ್ತು ಕೇಳುತ್ತಾಳೆ ಎಂದುಕೊಂಡಿದ್ದ. ಅವಳು ಪೆಟ್ಟಿಗೆಯ ಬಿಚ್ಚಿದ ಹೊಟ್ಟೆಯನ್ನು ಒಮ್ಮೆ ನೋಡಿ, ದನಿ ತಗ್ಗಿಸಿ, "ಬಿಟ್ಬಿಡಿ ಅದನ್ನ. ಹುಡುಕಬೇಡಿ. ಹತ್ತು ಜನಕ್ಕೆ ಊಟ ಹಾಕೋಣ, ನಾನೇ ಅಡಿಗೆ ಮಾಡ್ತೀನಿ. ತಾಂತಾಗೆಲ್ಲ ಹೋಗಲ್ಲ," ಎಂದಳು.

ಬಯ್ಯೂಮಿಗೆ ಇದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಹೆಂಡತಿಗೂ ನಂಬಿಕೆ ಇಲ್ಲ! ಇವಳಿಗೂ ಅನ್ನಿಸಿಬಿಟ್ಟಿದೆ, ಕೈಯೇ ಹೋಗಿದೆ ಎಂದು. ಅಯ್ಯೋ ಪಾಪ ಮುದುಕ ಎಂದು ಕನಿಕರ ತೋರಿಸುತ್ತಿದ್ದಾಳೆ. ಅವನ ಕಿವಿಗಳು ಕೆಂಪಾದವು.

"ಊಟವೂ ಬೇಡ, ಹತ್ತು ಜನವೂ ಬೇಡ," ಎಂದು ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, ಬಾಗಿಲಿಗೆ ಹೋಗಿ ನಿಂತು ಕೂಗಿದ: "ಹೈಸಮ್! ಬಾರೋ ಇಲ್ಲಿ!"

ಯಾಕೆಂದರೆ ಆ ಕ್ಷಣಕ್ಕೆ ಅವನ ತಲೆಯಲ್ಲಿ ದೀಪ ಹತ್ತಿತ್ತು. ಓಣಿಯಲ್ಲಿ ಒಂದು ರೂಢಿಯಿದೆ: ನೆರೆಯವನು ಸಾಮಾನು ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಚಳಿಗಾಲದ ಕೊನೆಗೆ ಹೈಸಮ್‌ನ ಪೆಟ್ಟಿಗೆ ಕೆಟ್ಟಾಗ ಈ ನೀಲಿ ಪೆಟ್ಟಿಗೆ ಮೂರು ದಿನ ಎದುರು ಅಂಗಡಿಯಲ್ಲಿತ್ತು.

ಹೈಸಮ್ ಕೈ ಒರೆಸಿಕೊಳ್ಳುತ್ತಾ ಬಂದ.

"ಏನು ಮಾಡ್ದೆ ಇದಕ್ಕೆ?"

"ನಾನಾ? ಬಳಸ್ದೆ, ಒರೆಸಿ ವಾಪಸ್ ಕೊಟ್ಟೆ."

"ಸುಳ್ಳು ಬೊಗಳಬೇಡ. ನಿನ್ನ ಕೈಗೆ ಹೋಗೋ ಮುಂಚೆ ಚೆನ್ನಾಗಿತ್ತು. ಅನ್ನ ಹಾಕಿದ ಮನೆಗೆ ಕನ್ನ ಹಾಕ್ತೀಯಾ? ನನ್ನ ಗಿರಾಕಿಗಳು ನಿನ್ನ ಗಾಜಿನ ಬಾಗಿಲಿಗೆ ಬರಲಿ ಅಂತ ತಾನೆ?"

ಹೈಸಮ್‌ನ ಮುಖ ಸಣ್ಣದಾಯಿತು. ಬೆಳಗಿನ ನಗು ಈಗ ಇರಲಿಲ್ಲ. "ಉಸ್ತಾ, ಐರನ್ ಹಿಡಿಯೋದು ಕಲಿಸಿದವರು ನೀವು. ಆ ಮಾತು ಆಡಬೇಡಿ," ಎಂದು ಅಷ್ಟೇ ಹೇಳಿದ. ಮೂಲೆಯಲ್ಲಿ ಇಗ್ಲಾಲ್‌ಳ ಕೈಯಲ್ಲಿ ಸುರುಳಿ ಸುತ್ತುವುದು ನಿಂತಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೈಸಮ್, "ಮೊನೆಯ ಬಿಸಿ ಅಳೆದು ನೋಡಿದ್ರಾ?" ಎಂದು ಕೇಳಿದ.

ಅಳೆದಿರಲಿಲ್ಲ. ಅಳೆಯುವ ಥರ್ಮಾಮೀಟರನ್ನು ವಹ್ಬಾ ಐದು ವರ್ಷದಿಂದ ಅವನಿಗೆ ಮಾರಲು ನೋಡುತ್ತಿದ್ದ. ರಾಳದ ಹೊಗೆ ಮೂಸಿ ಕಾವು ಹೇಳುವ ಮನುಷ್ಯನಿಗೆ ಥರ್ಮಾಮೀಟರು ಯಾಕೆ ಎಂದು ಬಯ್ಯೂಮಿ ಐದು ವರ್ಷದಿಂದ ಅವನನ್ನು ಓಡಿಸುತ್ತಿದ್ದ. ಈಗ ವಹ್ಬಾ ಅದನ್ನು ಧೂಳು ಊದಿ ತಂದು, ಮದುಮಗನ ಕಡೆಯವನಂತೆ ಬಿಗುಮಾನದಿಂದ ಮೇಜಿನ ಮೇಲಿಟ್ಟ. ಮೊನೆಯನ್ನು ಅದರ ತಂತಿಗೆ ತಾಗಿಸಿದರು. ಪೆಟ್ಟಿಗೆಯ ಮುಖದ ಮೇಲೆ ಮುನ್ನೂರೈವತ್ತು. ಥರ್ಮಾಮೀಟರಿನಲ್ಲಿ ಇನ್ನೂರ ಎಂಬತ್ತೆಂಟು.

"ಇನ್ನೊಂದು ಸಲ," ಎಂದ ಬಯ್ಯೂಮಿ.

ಇನ್ನೂರ ಎಂಬತ್ತೆಂಟು.

"ಸುಳ್ಳು ಹೇಳ್ತಿದೆ!" ಎಂದು ಬಯ್ಯೂಮಿ ಎದ್ದು ಕುಣಿದ. "ನೋಡಿದ್ರಾ? ಅರವತ್ತೆರಡು ಡಿಗ್ರಿ ಸುಳ್ಳು! ನಾನು ಹೇಳಿದ್ನೋ ಇಲ್ವೋ? ಇಗ್ಲಾಲ್, ನೀನು ನನ್ನ ಹೆಂಡತೀನೇ ಕಣೇ!"

ಓಣಿಯಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಯಾರೋ ತಮಾಷೆಗೆ ಉಲುಲು ಹಾಕಿದರು. ಇಗ್ಲಾಲ್ ಮಾತ್ರ ತಲೆ ಎತ್ತಲಿಲ್ಲ.

"ಒಳಗೆ ಏನೂ ಕೆಟ್ಟಿಲ್ಲ," ಎಂದ ಹೈಸಮ್ ಮೆಲ್ಲಗೆ. "ಕಾವಿನ ಲೆಕ್ಕ ಹೊಂದಿಸೋ ತಿರುಪು ಇದೆಯಲ್ಲ, ಮುಂದುಗಡೆ ಸಣ್ಣ ತೂತಲ್ಲಿ, ಅದನ್ನ ಯಾರೋ ತಿರುಗಿಸಿದ್ದಾರೆ. ನಾನಲ್ಲ. ಬೇಕಾದ್ರೆ ನೋಡ್ಕೊಳ್ಳಿ." ತನ್ನ ಭೂತಗನ್ನಡಿಯ ದೀಪವನ್ನು ಎದುರು ಅಂಗಡಿಯಿಂದ ತಂದು ಮೇಜಿಗೆ ಸಿಕ್ಕಿಸಿದ. ಬೇರೆ ದಿನವಾಗಿದ್ದರೆ ಬಯ್ಯೂಮಿ ಅದನ್ನು ಬೀದಿಗೆ ಎಸೆಯುತ್ತಿದ್ದ. ಗಾಜಿನಲ್ಲಿ ನೋಡಿ ಬೆಸುಗೆ ಹಾಕುವವನು ಗಡಿಯಾರದ ಅಂಗಡಿಗೆ ಹೋಗಲಿ ಎನ್ನುವುದು ಅವನ ವಾದ.

ಅಷ್ಟರಲ್ಲಿ ಅಸರ್ ನಮಾಜಿನ ಕರೆ ಕೇಳಿತು. ಹೈಸಮ್ ಹೋದ, ನೆರೆದವರೂ ಚದುರಿದರು. ಲುಟ್ಫಿ ಅನ್ನ-ಬೇಳೆಯ ಕೊಶರಿ ತಿಂದು ಬರುತ್ತೇನೆಂದು ಓಡಿದ. ವಹ್ಬಾ ತನ್ನ ಡಬ್ಬಗಳ ನಡುವೆ ಹೋಗಿ ಕೂತ. ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

ಬಯ್ಯೂಮಿ ತೂತಿನ ಮೇಲೆ ಭೂತಗನ್ನಡಿ ಎಳೆದುಕೊಂಡು ಬಗ್ಗಿದ. ಆ ತಿರುಪು ಅವನಿಗೆ ಚೆನ್ನಾಗಿ ಗೊತ್ತು. ಪೆಟ್ಟಿಗೆ ಕೊಂಡ ದಿನ ಅವನೇ ಹೊಗೆ ಮೂಸಿ ಕಾವು ಹೊಂದಿಸಿ, ತಿರುಪು ಅಲುಗದಿರಲೆಂದು ಇಗ್ಲಾಲ್‌ಳ ಉಗುರುಬಣ್ಣದ ಒಂದು ಹನಿ ಮೇಲೆ ಬಿಟ್ಟು ಮುದ್ರೆ ಹಾಕಿದ್ದ. ಕಸುಬಿನವರೆಲ್ಲ ಹಾಗೇ ಮಾಡುವುದು. ಅವನು ಹಾಕಿದ್ದು ಮೆಣಸಿನಕಾಯಿಯ ಕೆಂಪು. ಗಾಜಿನ ಕೆಳಗೆ ಈಗ ಕಾಣುತ್ತಿದ್ದದ್ದು, ಆ ಹಳೆಯ ಕೆಂಪಿನ ಚೂರುಗಳು, ಅವುಗಳ ಮೇಲೆ ಹೊಸದಾಗಿ, ಅಚ್ಚುಕಟ್ಟಾಗಿ ಬಿಟ್ಟ ದಾಳಿಂಬೆ ಕಾಳಿನ ಬಣ್ಣದ ಒಂದು ಹನಿ.

ಈ ಬಣ್ಣವನ್ನು ಎಲ್ಲಿ ನೋಡಿದ್ದೇನೆ ಎಂದು ಯೋಚಿಸಿದ. ಮಗಳು ನಿಹಾಲ್‌ಳ ನಿಶ್ಚಿತಾರ್ಥ. ತಾಯಿ ಮಗಳು ಇಬ್ಬರೂ ಹಚ್ಚಿಕೊಂಡಿದ್ದರು. ಅರವತ್ತರಲ್ಲಿ ಇದೆಲ್ಲ ಯಾಕೆ ಎಂದು ಗೊಣಗಿದ್ದಕ್ಕೆ, ಬಾಟಲಿ ಸುಮ್ಮನೆ ಒಣಗಬಾರದು, ಮಿಕ್ಕಿದ್ದನ್ನು ತಂತಿಯ ತುದಿ ಅಂಟಿಸಲು ಅಂಗಡಿಗೆ ತರುತ್ತೇನೆ ಎಂದಿದ್ದಳು ಇಗ್ಲಾಲ್.

ಅವನು ತಿರುಗಿ ಮೂಲೆಗೆ ನೋಡಿದ. ಅವಳ ಮಡಿಲಲ್ಲಿ ಮುಗಿದ ಸುರುಳಿಯೊಂದಿತ್ತು. ತಂತಿಯ ತುದಿಯಲ್ಲಿ ದಾಳಿಂಬೆ ಬಣ್ಣದ ಹನಿ.

ಐವತ್ತು ವರ್ಷದಲ್ಲಿ ಬಯ್ಯೂಮಿ ಸಿಟ್ಟು ಬಂದೂ ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಮುದ್ರೆ ಕೆರೆದು, ಸಣ್ಣ ತಿರುಪುಳಿಯಿಂದ ತಿರುಪು ತಿರುಗಿಸುತ್ತಾ ಹೋದ. ಥರ್ಮಾಮೀಟರು ಮುನ್ನೂರೈವತ್ತು ತೋರಿಸುವವರೆಗೂ ತಿರುಗಿಸಿದ. ಈಗ ಎರಡು ಅಂಕಿಗಳೂ ಒಂದೇ. ಈಗ ತೋರಿಸುತ್ತೇನೆ ಇವಳಿಗೆ, ಕೈ ಅಂದರೆ ಏನು ಅಂತ. ಹಾಳು ಬೋರ್ಡೊಂದನ್ನು ಎಳೆದುಕೊಂಡು, ಭೂತಗನ್ನಡಿ ಆಚೆ ತಳ್ಳಿ, ಎಂದಿನಂತೆ ಬರಿಗಣ್ಣಿನಲ್ಲೇ ಒಂದು ಕಾಲಿಗೆ ಐರನ್ ತಾಗಿಸಿದ. ತುಟಿ ತಾನಾಗಿ ಶುರುಮಾಡಿತು.

ರಾಳ ಚಟಪಟ ಎಂದಿತು. ಹೊಗೆ ಮೂಗಿಗೆ ಅಡರಿತು, ಹಳೆಯ ಹೊಗೆ. ಸೀಸ ಮಿಂಚುವುದನ್ನು ಕಾಯುತ್ತಾ ಅವನು ಕಣ್ಣು ಕಿರಿದು ಮಾಡಿದ. ಮಿಂಚಿತೋ? ಮಿಂಚಲಿಲ್ಲವೋ? ಅಲ್ಲೊಂದು ಬೂದು ಮಬ್ಬು ಅಷ್ಟೇ ಕಂಡಿತು. ಇನ್ನೊಂಚೂರು ಇರಲಿ. ಇನ್ನೊಂಚೂರು. ಎತ್ತಿದ.

ಭೂತಗನ್ನಡಿ ಎಳೆದುಕೊಂಡು ನೋಡಿದ. ಬೆಸುಗೆಯ ಸುತ್ತ ಬೋರ್ಡು ಕಂದಿತ್ತು. ತಾಮ್ರ ಎದ್ದು ಬಂದು, ಐರನ್ನಿನ ಮೊನೆಗೆ ಅಂಟಿಕೊಂಡಿತ್ತು.

ಐರನ್ ಹಿಡಿದುಕೊಂಡೇ ಕೇಳಿದ: "ಎಷ್ಟು ಸಲ ಹೇಳ್ದೆ ನಾನು?"

"ಎರಡೂವರೆ," ಎಂದಳು ಇಗ್ಲಾಲ್, ತಲೆ ಎತ್ತದೆ.

"ಎರಡೂವರೆ?"

"ಒಂದು ಬೆಸುಗೆಗೆ ಒಂದೇ ಬಿಸ್ಮಿಲ್ಲಾ ಅಂತ ಕಲಿಸಿದವರು ನೀವು. ಮೂವತ್ತು ವರ್ಷ ಈ ಮೂಲೇಲಿ ಕೂತು ಒಂದೊಂದೇ ಕೇಳಿದ್ದೀನಿ. ಚಳಿಗಾಲದಿಂದ ನನಗೆ ಎರಡು ಕೇಳ್ತಾ ಇದೆ. ಒಂದೊಂದು ದಿನ ಮೂರು. ನಿಮಗೇ ಕೇಳಿಸ್ತಿರಲಿಲ್ಲ."

ಬಯ್ಯೂಮಿ ಐರನ್ನನ್ನು ಗೂಡಿಗೆ ಸಿಕ್ಕಿಸಿದ.

"ಬೋರ್ಡು ಸುಟ್ಟು ಬಂದಾಗೆಲ್ಲ ರಾತ್ರಿ ಊಟ ಬಿಡ್ತಿದ್ರಿ," ಎಂದಳು ಅವಳು. "ಕಾವು ಕಮ್ಮಿ ಮಾಡಿದ್ರೆ ಎರಡು ಹೇಳಿದ್ರೂ ಸುಡಲ್ಲ ಅಂದ್ಕೊಂಡೆ. ಸಣ್ಣ ಕಾಲುಗಳಿಗೆ ಸರಿಹೋಯ್ತು. ದಪ್ಪ ಕಾಲಿನ ಲೆಕ್ಕ ತಪ್ಪಿತು ನಂದು."

"ಹೇಳಬಹುದಿತ್ತಲ್ಲ ನನಗೆ?"

"ಹೇಳಿದ್ರೆ ಏನು ಮಾಡ್ತಿದ್ರಿ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ತಲಾಖಿನ ಆಣೆ ಹಾಕ್ತಿದ್ದೆ."

"ಮತ್ತೆ?"

ಅವನಿಗೆ ನಗು ಬರಲಿಲ್ಲ. ಅವಮಾನ ಆಯಿತು, ಸಂಕಟ ಆಯಿತು. ಅದಕ್ಕಿಂತ ಹೆಚ್ಚಾಗಿ ಭಯ ಆಯಿತು. ಆಣೆ ಗೆದ್ದಿತ್ತು, ದೋಷ ಪೆಟ್ಟಿಗೆಯಲ್ಲೇ ಇತ್ತು, ಶೇಖರೂ ಅಲ್ಲ ಎನ್ನುವ ಹಾಗಿರಲಿಲ್ಲ. ಕೈಯ ಮಾತು ಬೇರೆ. ಕಣ್ಣು ಹೋಗುತ್ತಿದ್ದರೆ ಈ ಕುರ್ಚಿಯಲ್ಲಿ ಕೂತು ನಾನು ಯಾರು? ಹೊಗೆ ಮೂಸುವ ಮುದುಕ. ತಳ್ಳಿಟ್ಟಿದ್ದ ಡಬ್ಬಿಯಿಂದ ಒಂದು ಮಹ್ಶಿ ತೆಗೆದು ಬಾಯಿಗೆ ಹಾಕಿಕೊಂಡ. ತಣ್ಣಗಾಗಿತ್ತು. ಆದರೂ ತಿಂದ.

"ಹೈಸಮ್‌ಗೆ ಕಳ್ಳ ಅಂದ್ಬಿಟ್ಟೆ," ಎಂದ.

"ಅಂದ್ರಿ. ನಾನು ಬಾಯಿ ಬಿಡೋ ಅಷ್ಟರಲ್ಲಿ ಥರ್ಮಾಮೀಟರು ಬಂತು. ಆಮೇಲೆ ನನಗೂ ಧೈರ್ಯ ಬರಲಿಲ್ಲ. ಅವನಿಗೆ ನಾನೇ ಹೇಳ್ತೀನಿ."

"ಬೇಡ. ಬೈದವನು ನಾನು."

ನಮಾಜು ಮುಗಿಸಿ ಓಣಿಯವರು ಒಬ್ಬೊಬ್ಬರಾಗಿ ಬಂದರು. ಎಲ್ಲರಿಗಿಂತ ಮುಂದೆ ಲುಟ್ಫಿ, ಮೀಸೆಯಲ್ಲಿ ಇನ್ನೂ ಕೊಶರಿಯ ಒಂದು ಕಾಳು. "ಸಿಕ್ಕಿದನಾ ಉಸ್ತಾ? ಯಾರು ಆ ತಿರುಪು ತಿರುಗಿಸಿದ ಹರಾಮಿ?"

ಬಯ್ಯೂಮಿ ಬಾಗಿಲಿಗೆ ಬಂದು ನಿಂತ. ಬೆಳಿಗ್ಗೆ ನಿಂತು ಅರಚಿದ ಅದೇ ಜಾಗ.

"ಬಾಯಿ ಒರೆಸ್ಕೋ ಮೊದಲು. ಪೆಟ್ಟಿಗೆ ಸುಳ್ಳು ಹೇಳ್ತಿತ್ತು, ನಿಜ. ಆದ್ರೆ ನನ್ನ ಮಾನ ಉಳಿಸೋಕೆ ಹೇಳ್ತಿತ್ತು. ತಿರುಗಿಸಿದ್ದು ನಮ್ಮ ಮನೆಯವಳು. ನಾನು ಬೋರ್ಡು ಸುಡ್ತಾ ಇದ್ದೆ. ಅವಳಿಗೆ ಗೊತ್ತಾಯ್ತು, ನನಗೆ ಗೊತ್ತಾಗ್ಲಿಲ್ಲ. ನನಗೆ ಸೀಸ ಮಿಂಚೋದು ಕಾಣ್ತಾ ಇಲ್ಲ." ಹೈಸಮ್‌ನ ಕಡೆ ತಿರುಗಿ ಹೇಳಿದ: "ಹೈಸಮ್, ಮಧ್ಯಾಹ್ನ ಆಡಿದ್ದು ನನ್ನ ಬಾಯಿ. ನಿನ್ನ ತಪ್ಪಿಲ್ಲ ಮಗಾ."

ಹೈಸಮ್ ತಲೆ ಕೆರೆದುಕೊಂಡು, "ಉಸ್ತಾ, ಕಸ್ರ್ ಅಲ್ ಐನಿ ಆಸ್ಪತ್ರೇಲಿ ನನ್ನ ಚಿಕ್ಕಪ್ಪ ಕಣ್ಣಿನ ಪೊರೆ ತೆಗೆಸ್ಕೊಂಡ್ರು…" ಎಂದು ಶುರುಮಾಡಿದ.

"ಆಯ್ತು, ಆಯ್ತು. ಪೊರೆ ಎಲ್ಲಿಗೂ ಓಡಿಹೋಗಲ್ಲ."

"ಅಲ್ಲ, ನನ್ನ ಕೀಬೋರ್ಡು?" ಎಂದು ಲುಟ್ಫಿ ಕೈಚೆಲ್ಲಿದ. "ಆರು ಜನ ಸೋದರಮಾವಂದಿರು ಉಸ್ತಾ! ಯಾರು ಹಾಕ್ತಾರೆ ಬೆಸುಗೆ ಈಗ?"

ಎಲ್ಲರೂ ಹೈಸಮ್‌ನ ಕಡೆ ನೋಡಿದರು. ಹೈಸಮ್ ಬಯ್ಯೂಮಿಯ ಕಡೆ ನೋಡಿದ. ಬಯ್ಯೂಮಿ ಒಳಗೆ ಹೋಗಿ ತನ್ನ ಕುರ್ಚಿಯನ್ನು ಮೇಜಿನಿಂದ ಒಂದು ಗೇಣು ಹಿಂದಕ್ಕೆ ಎಳೆದ. ಆರ್ತಿನ್ ಕೂತಿದ್ದ ಕುರ್ಚಿ, ಆಮೇಲೆ ಅವನು ಕೂತ ಕುರ್ಚಿ. ಬೇರೆ ಯಾರೂ ಕೂತದ್ದಿಲ್ಲ.

"ಇಗ್ಲಾಲ್. ಬಾ."

"ನಾನಾ?"

"ಮೂವತ್ತು ವರ್ಷ ಕೇಳಿದ್ದೀಯಲ್ಲ. ಬಾ, ಕೂತ್ಕೋ."

ಅವಳು ಮಡಿಲಿನ ಸುರುಳಿಯನ್ನು ಬುಟ್ಟಿಗೆ ಹಾಕಿ, ಉದ್ದನೆಯ ಅಂಗಿಯ ನೆರಿಗೆ ಕೊಡವಿ, ಬ್ಯಾಂಕಿನ ಕುರ್ಚಿಯಲ್ಲಿ ಕೂರುವವಳ ಹಾಗೆ ತುದಿಯಲ್ಲಿ ಕೂತಳು. ಐರನ್ ಹಿಡಿದ ಮೇಲೆ ಸರಿಯಾಗಿ ಹಿಂದಕ್ಕೆ ಸರಿದು ಕೂತಳು. ಬಯ್ಯೂಮಿ ಕೀಬೋರ್ಡಿನ ಬೋರ್ಡನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು, ಭೂತಗನ್ನಡಿಯನ್ನು ಅವಳ ಮುಖಕ್ಕೆ ತಿರುಗಿಸಿ ನಿಂತ.

"ಜಾಸ್ತಿ ಹೊತ್ತು ಹಿಡೀಬೇಡ," ಎಂದ.

"ಯಾರು ಯಾರಿಗೆ ಹೇಳ್ತಾ ಇರೋದು?" ಎಂದಳು.

ಅವಳು ಸಾಕೆಟ್ಟಿನ ಕಾಲಿಗೆ ಮೊನೆ ತಾಗಿಸಿದಳು. ಅವಳ ತುಟಿ ಅಲ್ಲಾಡಿತು. ಬಯ್ಯೂಮಿ ತನ್ನ ಮನಸ್ಸಿನಲ್ಲೂ ಶುರುಮಾಡಿದ, ಹಳೆಯ ಲೆಕ್ಕದಲ್ಲಿ, ಅವಸರವಿಲ್ಲದೆ, ಎಳೆಯದೆ. ರಾಳ ಚಟಪಟ ಎಂದಿತು. ಅವನಿಗೆ ಕಂಡದ್ದು ಬೂದು ಮಬ್ಬು ಮಾತ್ರ. ಆದರೆ ಅವನ ಬಿಸ್ಮಿಲ್ಲಾ ರಹೀಮ್‌ಗೆ ಬಂದು ಮುಟ್ಟಿದಾಗ ಅವಳು ಐರನ್ ಎತ್ತಿಯಾಗಿತ್ತು.